ಮೋಜಣಿದಾರರ ಮೈನರು

ಲಕ್ಷ್ಮಣತೀರ್ಥದ ದಡದಲ್ಲಿರುವ ನಮ್ಮ ಹನಗೋಡಿನ ಸೀಮೆಯಲ್ಲಿ ಮೈ ತಿಕ್ಕಿಸಿಕೊಳ್ಳುವ ಭಾಗ್ಯ ಪೂರ್ವಕಾಲದಿಂದಲೂ ಎತ್ತುಗಳಿಗೆ ಸೇರಿದ್ದು. ಸಂಕ್ರಾಂತಿಯ ಆಸುಪಾಸಿನಲ್ಲಿ ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೊರಡತಕ್ಕ ಹಳ್ಳಿಕಾರ್ ಜೋಡಿಯನ್ನು ಹೊಳೆಗಿಳಿಸಿ, ಬೆನ್ನುಜ್ಜಿ, ಕೊಂಬು ಹೆರೆದು, ಎಣ್ಣೆ ಸವರಿ, ಹೆಗಲ ಮೇಲಿನ ಟವೆಲಿನಿಂದ ಅವುಗಳ ಮೂತಿಯೊರೆಸಿ, ಅದೇ ಟವೆಲಿನಿಂದ ತನ್ನ ಮುಖವನ್ನೂ ಒರೆಸಿಕೊಂಡು ದಡ ಹತ್ತುವ ರೈತನನ್ನು ಕಂಡವರಿಗೆ, ಅಭ್ಯಂಜನಕ್ಕೂ ಅಭಿಮಾನಕ್ಕೂ ಇರುವ ನಂಟನ್ನು ಬಿಡಿಸಿ ಹೇಳಬೇಕಾದುದಿಲ್ಲ. ಆದಕಾರಣ, ಭೂಮಾಪನ ಇಲಾಖೆಯ ಸೇವೆಯಿಂದ ನಿವೃತ್ತರಾಗಿ ಸ್ವಗ್ರಾಮಕ್ಕೆ ಬಂದು ನೆಲೆಸಿದ ನಮ್ಮ ಮೋಜಣಿದಾರರು, ಪಿತ್ರಾರ್ಜಿತವಾದ ಹೆಂಚಿನ ಕೊಟ್ಟಿಗೆಯಿಂದ ಗೊಂತುಗಳನ್ನು ಕೀಳಿಸಿ, ಅಲ್ಲಿ ಒಂದು ಹಳೆಯ ಕಾರನ್ನು ಕಟ್ಟಿ (ಕಟ್ಟಿಯೆಂದೇ ಊರವರ ಮಾತು), ಅದರ ಮೈ ತಿಕ್ಕಲು ಪ್ರಾರಂಭಿಸಿದಾಗ ಯಾರಿಗೂ ಅದು ವಿಪರೀತವೆಂದು ತೋರಲಿಲ್ಲ. "ಯಾವ್ ಜಾತ್ರೆಗೆ ಬುದ್ಧಿ?" ಎಂದಷ್ಟೇ ಕೇಳಿದರು. ವರ್ಷಗಳು ಉರುಳಿ, ಎಷ್ಟೋ ಜಾತ್ರೆಗಳು ನೆರೆದು ಚದುರಿದುವು. ಕಾರು ಮಾತ್ರ ಕೊಟ್ಟಿಗೆಯ ಹೊಸಿಲು ದಾಟಲಿಲ್ಲ.

ಇಂಥವರ ಕುಲ ಹನಗೋಡಿಗೆ ಮಾತ್ರ ಸೀಮಿತವಾದುದಲ್ಲ. ಸೋಫಾದ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅದು ಹರಿಯುವವರೆಗೂ ತೆಗೆಯದೆ, ಹರಿದ ಮೇಲೆ ಅದಕ್ಕೊಂದು ಬಟ್ಟೆಯ ಹೊದಿಕೆ ಹೊಲಿಸುವವರು, ಮದುವೆಯಲ್ಲಿ ಬಂದ ಪಿಂಗಾಣಿ ಬಟ್ಟಲುಗಳನ್ನು ಗಾಜಿನ ಬೀರುವಿನಲ್ಲಿಟ್ಟು ಮಕ್ಕಳ ಮದುವೆಯವರೆಗೂ ಸ್ಟೀಲಿನ ಲೋಟದಲ್ಲೇ ಕಾಫಿ ಕುಡಿಯುವವರು, ಹೊಸ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಿನಲ್ಲಿ ನಡೆಯುವವರು, ಇವರೆಲ್ಲರೂ ಒಂದೇ ಗೋತ್ರದವರು. ವಸ್ತುವಿಗೆ ಉಪಯೋಗವೆಂಬುದು ಒಂದು ವ್ಯಾಧಿ, ಅದನ್ನು ಅದರಿಂದ ಪಾರುಮಾಡುವುದೇ ಯಜಮಾನನ ಧರ್ಮ ಎಂಬುದು ಇವರ ಸಿದ್ಧಾಂತ. ನಮ್ಮ ಮೋಜಣಿದಾರರು ಆ ಸಿದ್ಧಾಂತದ ಭಾಷ್ಯಕಾರರು.

ಕಾರಿನ ವಿಷಯಕ್ಕೆ ಬರುತ್ತೇನೆ. ಅದು ಮಾರಿಸ್ ಮೈನರ್. ಅದರಲ್ಲಿಯೂ ಕ್ಯಾನ್ವಾಸಿನ ಮಾಡು ಹೊದ್ದು, ಬೇಕೆಂದಾಗ ಅದನ್ನು ಹಿಂದಕ್ಕೆ ಮಡಿಸಿ ಆಕಾಶಕ್ಕೆ ತೆರೆದುಕೊಳ್ಳಬಲ್ಲ ಟೂರರ್ ಎಂಬ ಪ್ರಭೇದದ್ದು. ಗೋಣಿಕೊಪ್ಪಲಿನ ಕಡೆಯ ಒಂದು ಕಾಫಿ ತೋಟದ ಗೋದಾಮಿನಲ್ಲಿ, ಮೆಣಸಿನ ಮೂಟೆಗಳ ನಡುವೆ, ಹಿಂದಿನ ಸೀಟಿನಲ್ಲಿ ಕೋಳಿಗೆ ಕಾವು ಕೂರಲು ಸ್ಥಳ ಕೊಟ್ಟುಕೊಂಡು ನಿಂತಿದ್ದ ಇದನ್ನು, ಯಾವುದೋ ಗಡಿ ತಕರಾರಿನ ಅಳತೆಗೆಂದು ಹೋಗಿದ್ದ ಮೋಜಣಿದಾರರು ಕಂಡು, ಅಳೆಯಬೇಕಾದ ತೋಟವನ್ನು ಬಿಟ್ಟು ಅದನ್ನೇ ಅಳೆದರಂತೆ. ನಿವೃತ್ತಿಯಾದ ತಿಂಗಳಲ್ಲೇ ಅದನ್ನು ಕೊಂಡು, ತಿತಿಮತಿ, ಆನೆಚೌಕೂರುಗಳ ಕಾಡುದಾರಿಯಲ್ಲಿ ಲಾರಿಯ ಮೇಲೆ ಟಾರ್ಪಾಲು ಹೊದಿಸಿ ತಂದರು. ಟೂರರ್ ಎಂದರೆ ಪ್ರವಾಸಿ. ತನ್ನ ಪ್ರವಾಸವನ್ನೂ ಮತ್ತೊಂದು ವಾಹನದ ಬೆನ್ನ ಮೇಲೆ ಮಾಡಿದ ಪ್ರವಾಸಿ.

ಈ ಕಾರಿಗೊಂದು ಪುರಾಣವುಂಟು, ಅದನ್ನು ಅವರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಲೋಕದ ಕಣ್ಣಿಗೆ ಬಿದ್ದ ಈ ಕಾರನ್ನು ರೂಪಿಸಿದಾತ ಅಲೆಕ್ ಇಸ್ಸಿಗೊನಿಸ್. ಸಕಲವೂ ಸಿದ್ಧವಾದ ಮೇಲೆ, ಕಾರು ಇಕ್ಕಟ್ಟಾಗಿದೆಯೆಂಬ ಅಸಮಾಧಾನ ಹುಟ್ಟಿ, ಮಾದರಿಯನ್ನು ತಲೆಯಿಂದ ಬಾಲದವರೆಗೆ ಎರಡು ಹೋಳಾಗಿ ಸೀಳಿಸಿ, ಹೋಳುಗಳನ್ನು ಸ್ವಲ್ಪಸ್ವಲ್ಪವಾಗಿ ದೂರ ಸರಿಸುತ್ತಾ ಹೋಗಿ, ನಾಲ್ಕು ಅಂಗುಲದ ಅಂತರ ಬಂದಾಗ ಅವನ ಕಣ್ಣಿಗೆ ಸಮಾಧಾನವಾಯಿತಂತೆ. ಬಾನೆಟ್ಟಿನ ನಟ್ಟನಡುವೆ ಆ ನಾಲ್ಕಂಗುಲದ ಪಟ್ಟಿ ಇಂದಿಗೂ ಎದ್ದು ಕಾಣುತ್ತದೆ. "ಇದು ಒತ್ತುವರಿ ನೋಡಿ. ಆದರೆ ದಾಖಲೆಯುಳ್ಳ ಒತ್ತುವರಿ" ಎಂದು ಮೋಜಣಿದಾರರು ಅದರ ಮೇಲೆ ಬೆರಳಾಡಿಸದೆ, ಬೆರಳಿನ ನೆರಳನ್ನು ಮಾತ್ರ ಆಡಿಸಿ ತೋರಿಸುತ್ತಾರೆ. ಕಂಪೆನಿಯ ಒಡೆಯನಾಗಿದ್ದ ಲಾರ್ಡ್ ನಫೀಲ್ಡನು ಈ ಕಾರನ್ನು ನೀರಿನಲ್ಲಿ ಒಡೆದು ಬೇಯಿಸಿದ ಮೊಟ್ಟೆಗೆ ಹೋಲಿಸಿ ಹೀಯಾಳಿಸಿದ್ದನಂತೆ. ಮೋಜಣಿದಾರರು ಮೊಟ್ಟೆ ಮುಟ್ಟದವರಾದುದರಿಂದ ಆ ಉಪಮೆಯ ಬಾಧೆ ಅವರಿಗೆ ತಟ್ಟಿಲ್ಲ.

ಊರವರಿಗೆ ಅದು 'ಕಮಾನು ಕಾರು'. ಕಮಾನು ಗಾಡಿಯಲ್ಲಿ ಮದುಮಗಳನ್ನು ಕರೆತಂದ ನೆನಪುಳ್ಳ ಮುದುಕರಿಗೆ ಆ ಬಟ್ಟೆಯ ಮಾಡನ್ನು ಕಂಡು ಬೇರೆ ಹೆಸರು ತೋಚಿರಲಾರದು. ಮೋಜಣಿದಾರರ ಧರ್ಮಪತ್ನಿಯವರು ಮಾತ್ರ ಅದನ್ನು 'ಮೈನರು' ಎಂದೇ ಕರೆಯುತ್ತಾರೆ, ಅದಕ್ಕೆ ಕಾರಣವನ್ನೂ ಕೊಡುತ್ತಾರೆ: "ಪಹಣೀಲಿ ಬರೀತಾರಲ್ಲ, ಮೈನರು, ಗಾರ್ಡಿಯನ್ನು ಇಂಥೋರು ಅಂತ, ಹಾಗೇ ಇದೂನೂ. ಎಪ್ಪತ್ತು ವರ್ಷ ದಾಟಿದ್ರೂ ಇನ್ನೂ ಪ್ರಾಯಕ್ಕೆ ಬಂದಿಲ್ಲ, ಒಂಟಿಯಾಗಿ ಆಚೆ ಕಳಿಸೋ ಹಾಗಿಲ್ಲ."

ಬಟ್ಟೆಯ ಮಾಡನ್ನು ಮಡಿಸಿ ಗಾಳಿಗೆ ಮೈಯೊಡ್ಡಿ ಹೋಗುವುದಕ್ಕೆಂದೇ ಹುಟ್ಟಿದ ಕಾರಿನ ಮಾಡನ್ನು ಮೋಜಣಿದಾರರು ಒಮ್ಮೆಯೂ ಮಡಿಸಿರಲಿಲ್ಲ. ಮಡಿಸಿದರೆ ನೆರಿಗೆ ಬೀಳುತ್ತದೆ. ನೆರಿಗೆ ಬಿದ್ದಲ್ಲಿ ನೀರು ನಿಲ್ಲುತ್ತದೆ. ನೀರು ನಿಂತಲ್ಲಿ ಬೂಷ್ಟು ಹಿಡಿಯುತ್ತದೆ. ತೆರೆದರೆ ಬಿಸಿಲು ಸೀಟಿಗೆ, ಮುಚ್ಚಿದರೆ ಬಿಸಿಲು ಮಾಡಿಗೆ. ಆದುದರಿಂದ ಮುಚ್ಚಿಯೂ ಇರಬೇಕು, ಕೊಟ್ಟಿಗೆಯಲ್ಲಿಯೂ ಇರಬೇಕು. ಈ ತರ್ಕದಲ್ಲಿ ದೋಷವನ್ನು ಹುಡುಕಲು ನಾನು ಬಹಳ ಶ್ರಮಪಟ್ಟಿದ್ದೇನೆ, ದೊರೆತಿಲ್ಲ.

ಬೆಳಗಿನ ಪ್ರಕ್ಷಾಲನವಿಧಿಯನ್ನು ನೋಡಬೇಕೆಂದರೆ ಬಿಸಿಲು ಏರುವುದಕ್ಕೆ ಮುಂಚೆ ಹೋಗಬೇಕು, ಏಕೆಂದರೆ ಕಾದ ತಗಡಿನ ಮೇಲೆ ಸೋಪಿನ ನೀರು ಆರಿ ಕಲೆಯಾಗುತ್ತದೆ. ಬಕೆಟ್ಟುಗಳು ಎರಡು: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಕೊಳೆಯೊರೆಸಿದ ಬಟ್ಟೆಯನ್ನು ಮೊದಲು ಬರಿಯ ನೀರಿನಲ್ಲಿ ಜಾಲಾಡಿಸಿ, ಅದರಲ್ಲಿ ಸಿಕ್ಕ ಮರಳನ್ನು ಅಲ್ಲಿ ಬಿಟ್ಟು, ಆಮೇಲೆ ಸೋಪಿನ ನೀರಿಗೆ ಅದ್ದಬೇಕು. ತಪ್ಪಿದರೆ ಅದೇ ಮರಳು ಮತ್ತೆ ಮೈಗೆ ಬಂದು ಕೂದಲೆಳೆಯಂಥ ಗೀರುಗಳನ್ನು ಸುಳಿಸುಳಿಯಾಗಿ ಬರೆಯುತ್ತದೆ. ಬಟ್ಟೆಯನ್ನು ವೃತ್ತಾಕಾರವಾಗಿ ಆಡಿಸುವುದು ನಿಷಿದ್ಧ, ನೇಗಿಲಸಾಲಿನಂತೆ ನೇರವಾಗಿ ಹೋಗಬೇಕು. ಕೊಳವೆ ಬಾವಿಯ ಗಡಸು ನೀರು ಆರಿದಲ್ಲಿ ಸುಣ್ಣದ ಉಂಗುರ ಬಿಡುವುದರಿಂದ, ಕೊನೆಯ ಸ್ನಾನಕ್ಕೆ ಮುಂಗಾರಿನಲ್ಲಿ ಹೆಂಚಿನಿಂದ ಇಳಿದು ಹಂಡೆಯಲ್ಲಿ ತುಂಬಿದ ಮಳೆನೀರು. ಆ ಹಂಡೆಯ ನೀರನ್ನು ಮುಟ್ಟುವ ಅಧಿಕಾರ ಮನೆಯಲ್ಲಿ ಮತ್ತಾರಿಗೂ ಇಲ್ಲ. ಅದರಲ್ಲಿ ಒಮ್ಮೆ ಬೇಳೆ ಬೇಯಿಸಿದ್ದಕ್ಕೆ (ಮಳೆನೀರಿನಲ್ಲಿ ಬೇಳೆ ಬೆಣ್ಣೆಯಂತೆ ಬೇಯುತ್ತದೆ) ಎರಡು ದಿನ ಮಾತುಕತೆ ನಿಂತಿತ್ತು.

ಮೋಜಣಿದಾರರು ಕಾರಿನ ಮೈಯನ್ನು ಎರಡಡಿಯ ಚೌಕಗಳಾಗಿ ವಿಭಾಗಿಸಿ ಪ್ರತಿಯೊಂದಕ್ಕೂ ಸರ್ವೆ ನಂಬರು ಕೊಟ್ಟಿದ್ದಾರೆ. ಬಾನೆಟ್ಟಿಗೆ ಎರಡು ಹಿಸ್ಸೆ, ನಡುವಣ ನಾಲ್ಕಂಗುಲಕ್ಕೆ ಪ್ರತ್ಯೇಕ ಪೋಡಿ. ತುಕ್ಕು ತಿಂದ ಎಡಗಡೆಯ ಮಡ್‌ಗಾರ್ಡಿನ ಕೆಳಭಾಗ 'ಖರಾಬು'. ಇಂದು ಯಾವ ನಂಬರಿನಲ್ಲಿ ಏನು ಕೆಲಸ ನಡೆಯಿತೆಂಬುದೆಲ್ಲ ಹಳೆಯ ಫೀಲ್ಡ್ ಬುಕ್ಕಿನಲ್ಲಿ ಪೆನ್ಸಿಲಿನಿಂದ ದಾಖಲಾಗುತ್ತದೆ. ಸೇವೆಯಲ್ಲಿದ್ದಾಗ ಒಂದು ಹದ್ದುಬಸ್ತಿನ ಅರ್ಜಿಗೆ ಇವರು ಎಷ್ಟು ಕಾಲ ತೆಗೆದುಕೊಳ್ಳುತ್ತಿದ್ದರೆಂಬುದನ್ನು ನೆನೆಯುವ ರೈತರು, ಇಲ್ಲಿಯ ಶೀಘ್ರತೆಯನ್ನು ಕಂಡು ನಿಟ್ಟುಸಿರು ಬಿಡುವುದುಂಟು.

ಇಷ್ಟೆಲ್ಲ ತೊಳೆದರೂ ಕಾರಿಗೆ ಶತ್ರುಗಳಿದ್ದರು. ಹುಣಸೂರು, ಪಿರಿಯಾಪಟ್ಟಣದ ಸೀಮೆ ಹೊಗೆಸೊಪ್ಪಿನ ಸೀಮೆ. ಆಷಾಢ ಕಳೆದು ಶ್ರಾವಣ ಬಂತೆಂದರೆ ಊರೂರಿನ ಬ್ಯಾರನ್ನುಗಳಲ್ಲಿ ಹಗಲಿರುಳೂ ಬೆಂಕಿ. ಸೌದೆಯ ಬಿಸಿ ಕೊಳವೆಗಳೊಳಗೆ ಸುತ್ತಿ, ಕಡ್ಡಿಗೆ ಕಟ್ಟಿ ತೂಗಿಸಿದ ಹಸಿರು ಎಲೆಯನ್ನು ಚಿನ್ನದ ಬಣ್ಣಕ್ಕೆ ತರುತ್ತದೆ. ಹೊಗೆ ಮಾತ್ರ ಚಿಮಣಿಯಿಂದ ಹೊರಬಿದ್ದು, ಮಸಿಯಾಗಿ, ಇಬ್ಬನಿಯೊಡನೆ ಇಳಿದು, ಕಾರಿನ ಮೈಗೆ ಕಚ್ಚಿಕೊಳ್ಳುತ್ತದೆ. ಇಡೀ ಸೀಮೆಯ ಅನ್ನದ ಪ್ರಶ್ನೆಯಾದ ಈ ಹೊಗೆಯನ್ನು ಮೋಜಣಿದಾರರು ತಮ್ಮ ಬಾನೆಟ್ಟಿನ ಮೇಲೆ ನಡೆದ ಅತಿಕ್ರಮಣವೆಂದೇ ಭಾವಿಸುತ್ತಾರೆ. ಕಾರಿನ ಆರೈಕೆಯ ಪುಸ್ತಕಗಳಲ್ಲಿ ರೈಲು ಹಳಿಯಿಂದ ಹಾರುವ ಕಬ್ಬಿಣದ ಧೂಳನ್ನು ಮಹಾಶತ್ರುವೆಂದು ವರ್ಣಿಸಿರುವುದನ್ನು ಓದಿ, ಹುಣಸೂರು, ಪಿರಿಯಾಪಟ್ಟಣಗಳಿಗೆ ರೈಲು ಬಾರದಿರುವುದಕ್ಕೆ ಸಂತೋಷಪಟ್ಟ ಏಕೈಕ ಪ್ರಜೆ ಅವರು.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಅಳಿಯಂದಿರು ಒಂದು ಶ್ರಾವಣದಲ್ಲಿ ಬಂದವರು ಒಂದು ಪರೀಕ್ಷೆಯನ್ನು ಹೇಳಿಕೊಟ್ಟರು. ತೊಳೆದು ಒಣಗಿದ ಕಾರಿನ ಮೇಲೆ ಬರಿಗೈ ಆಡಿಸಿದರೆ ನುಣುಪಾಗಿಯೇ ತೋರುತ್ತದೆ. ಕೈಯನ್ನು ತೆಳು ಪ್ಲಾಸ್ಟಿಕ್ಕಿನೊಳಗಿಟ್ಟು ಆಡಿಸಿದರೆ ಅಡಗಿದ ಕಣಗಳೆಲ್ಲ ಉಪ್ಪಿನ ಹರಳಿನಂತೆ ಬೆರಳಿಗೆ ತಾಗುತ್ತವೆ. ಖಾಲಿಯಾದ ನಂದಿನಿ ಹಾಲಿನ ಕವರೊಂದನ್ನು ತೊಳೆದು ಕೈಗೆ ಧರಿಸಿ, ಕಣ್ಣು ಮುಚ್ಚಿ, ನಾಡಿ ಹಿಡಿದ ಪಂಡಿತರಂತೆ ಮೋಜಣಿದಾರರು ಬಾನೆಟ್ಟಿನ ಮೇಲೆ ಕೈಯಿಟ್ಟರು. ಅವರ ಮುಖ ಬಿಳಿಚಿಕೊಂಡಿತು. "ಇಷ್ಟು ವರ್ಷವೂ ಇದರ ಮೈಯಲ್ಲಿ ಮುಳ್ಳಿತ್ತಲ್ಲೋ!" ಎಂದರು. ಆ ದಿನ ಮಧ್ಯಾಹ್ನದ ಊಟ ಸೇರಲಿಲ್ಲವೆಂದು ಮನೆಯವರಿಂದ ತಿಳಿಯಿತು.

ಪರಿಹಾರವನ್ನೂ ಅಳಿಯಂದಿರೇ ತಂದಿದ್ದರು. ಅದರ ಹೆಸರು ಕ್ಲೇ. ಮಾವನವರು ಅದನ್ನು ಕನ್ನಡಿಸಿ 'ಜೇಡಿಮಣ್ಣು' ಎಂದದ್ದೇ ಅನರ್ಥಕ್ಕೆ ಕಾರಣವಾಯಿತು. ಕಾರಿಗೆ ಮಣ್ಣು ಮೆತ್ತುತ್ತಾರಂತೆ ಎಂಬ ಸುದ್ದಿ ಸಂತೆಯವರೆಗೂ ಹಬ್ಬಿ, ಹೆಸರಿನಲ್ಲೇ ಗೋಡನ್ನು ಹೊತ್ತ ನಮ್ಮೂರಿನಲ್ಲಿ ಸಲಹೆಗಾರರ ಸಾಲು ನೆರೆಯಿತು. "ಅಯ್ಯೋ ಬುದ್ಧಿ, ಪ್ಯಾಟೆಯಿಂದ ಯಾಕ್ ತರುಸ್ತೀರಿ, ಒಂದ್ ಟ್ರಾಕ್ಟ್ರು ಕೆರೆಗೋಡು ಹೊಡಸ್ಬುಡ್ತೀನಿ" ಎಂದು ಒಬ್ಬ. "ಮಣ್ಗಿಣ್ಣೆಲ್ಲಾ ಬ್ಯಾಡ, ಹರಳೆಣ್ಣೆ ಹಚ್ಚಿ, ಕೊಂಬು ಮಿಂಚ್ದಂಗೆ ಮಿಂಚ್ತದೆ" ಎಂದು ಎರಡು ಸಲ ಚುಂಚನಕಟ್ಟೆಯಲ್ಲಿ ಜೋಡಿ ಮಾರಿ ಬಂದ ಮತ್ತೊಬ್ಬ. ಅದು ಮಣ್ಣಲ್ಲ, ಜಪಾನಿನಲ್ಲಿ ತದಾವೊ ಕೊದಾತೆ ಎಂಬಾತ ಕಂಡುಹಿಡಿದು, 1990ರ ದಶಕದಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ, ಅಂಟಿನಂಥ ದ್ರವ್ಯದಲ್ಲಿ ಅತಿಸೂಕ್ಷ್ಮವಾದ ಸಾಣೆಪುಡಿ ಬೆರೆತ ಉಂಡೆ, ಪೇಟೆಂಟಿನ ಕಾಗದದಲ್ಲಿಯೂ ಅದನ್ನು ಬಾಗುವ ಸಾಣೆಕಲ್ಲೆಂಬ ಅರ್ಥದಲ್ಲೇ ಕರೆದಿದೆ, ಎಂದು ಮೋಜಣಿದಾರರು ಜಗಲಿಯ ಮೇಲೆ ನಿಂತು ವಿವರಿಸಿದರು. ಸಾಣೆಕಲ್ಲು ಎಂದೊಡನೆ ಮೂವರು ಮಚ್ಚು ತಂದರು.

ಉಂಡೆ ನೀಲಿಯ ಬಣ್ಣದ್ದು, ಸೋಪಿನ ಬಿಲ್ಲೆಯಷ್ಟು. ಅದನ್ನು ಮೊದಲು ಅಂಗೈಯಲ್ಲಿ ನಾದಿ ಮೆತ್ತಗೆ ಮಾಡಿ, ರೊಟ್ಟಿಯಂತೆ ತಟ್ಟಿ, ಸೋಪಿನ ನೀರನ್ನು ಧಾರಾಳವಾಗಿ ಚಿಮುಕಿಸಿದ ತಗಡಿನ ಮೇಲೆ ಒತ್ತಡವಿಲ್ಲದೆ ಜಾರಿಸಬೇಕು. ಮೊದಲು ಗರಗರ ಎನ್ನುವ ಮೈ ಕ್ರಮೇಣ ಮೌನವಾಗುತ್ತದೆ. ಉಂಡೆಯ ಮುಖಕ್ಕೆ ಮಸಿ ಹತ್ತುತ್ತದೆ. ಆಗ ಅದನ್ನು ಮಡಿಸಿ ಹೊಸ ಮುಖ ತೆಗೆಯಬೇಕು. ನಲವತ್ತು ವರ್ಷ ಚೈನು ಹಿಡಿದ ಮೋಜಣಿದಾರರ ಕೈಗೆ ನಾದುವ ವಿದ್ಯೆ ಒಲಿಯಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮನೆಯವರು ಕೊನೆಗೆ ತಾಳಲಾರದೆ, "ಕೊಡಿ ಇಲ್ಲಿ" ಎಂದು ಕಿತ್ತುಕೊಂಡು, ಕೈಗೆ ತಣ್ಣೀರು ಮುಟ್ಟಿಸಿ, ಗಳಿಗೆಯೊಳಗಾಗಿ ಬಿರುಕಿಲ್ಲದ ಮುದ್ದೆ ಕಟ್ಟಿಕೊಟ್ಟರು. ಅಂದಿನಿಂದ ಆ ಸೀಮೆಯಲ್ಲಿ ಕಾರಿಗೂ ಮುದ್ದೆ ಎಂಬ ಮಾತು ನಿಂತಿತು.

ಮುದ್ದೆಗಿದ್ದ ನಿಯಮಗಳಲ್ಲಿ ಘೋರವಾದದ್ದು ಒಂದು: ಅದು ನೆಲಕ್ಕೆ ಬಿದ್ದರೆ ಮತ್ತೆ ಕಾರಿಗೆ ಮುಟ್ಟಿಸಕೂಡದು, ಒಂದೇ ಒಂದು ಮರಳಿನ ಕಣ ಅದಕ್ಕೆ ಹತ್ತಿದರೂ ಸಾಣೆ ಹೋಗಿ ಗರಗಸವಾಗುತ್ತದೆ. ಬಾನೆಟ್ಟೂ ಬಲಗಡೆಯ ಬಾಗಿಲೂ ಮುಗಿದು, ಡಿಕ್ಕಿಯ ಸರ್ವೆ ನಂಬರಿಗೆ ಕಾಲಿಟ್ಟಿದ್ದರೋ ಇಲ್ಲವೋ, ಸೋಪಿನ ನೀರಿಗೆ ಜಾರಿ ಮುದ್ದೆ ಧೊಪ್ಪನೆ ನೆಲಕ್ಕೆ ಬಿದ್ದಿತು. ಸೂತಕದ ಮನೆಯ ಮೌನದಲ್ಲಿ ಅವರು ಅದನ್ನೆತ್ತಿ ಬೇಲಿಯಾಚೆಗೆ ಎಸೆದರು.

ಬೇಲಿಯಾಚೆ ನಮ್ಮ ಮನೆ. ನನ್ನ ಮೊಮ್ಮಗನಿಗೆ ಆಗ ಏಳು ವರ್ಷ, ಗೌರಿಹಬ್ಬ ಎದುರಿಗಿತ್ತು. ಅವನು ಆ ನೀಲಿಯ ಮುದ್ದೆಯಿಂದ ಬೆರಳುದ್ದದ ಒಂದು ಗಣಪತಿಯನ್ನು ಮಾಡಿ, ಮೆಣಸಿನ ಕಾಳುಗಳ ಕಣ್ಣಿಟ್ಟು, ದೊಡ್ಡ ಗಣಪತಿಯ ಪಕ್ಕದಲ್ಲಿ ಕೂರಿಸಿದನು. ಐದನೆಯ ದಿನ ಇಬ್ಬರನ್ನೂ ಹೊಳೆಯಲ್ಲಿ ಬಿಟ್ಟೆವು. ದೊಡ್ಡವನು ನೋಡನೋಡುತ್ತಿದ್ದಂತೆ ಕರಗಿ ನೀರಿನೊಡನೆ ನೀರಾದನು; ಚಿಕ್ಕವನು ಅರ್ಧ ಗಂಟೆ ನೀರಿನಲ್ಲಿದ್ದರೂ ಒಂದು ಬೆರಳೂ ಸವೆಯದೆ, ಮೊದಲಿಗಿಂತ ಶುಭ್ರನಾಗಿ, ಕಾಲಡಿಯ ಕಲ್ಲಿನ ಮೇಲೆ ಕೂತೇ ಇದ್ದನು. ಹುಡುಗ ಅದನ್ನು ತೆಗೆದುಕೊಂಡು ನೇರವಾಗಿ ಮೋಜಣಿದಾರರ ಬಳಿಗೆ ಹೋಗಿ, "ತಾತ, ನಿಮ್ ಗಣಪತಿ ಕರಗ್ತಾ ಇಲ್ಲ" ಎಂದು ಕೈಗಿತ್ತನು. ಬಿದ್ದುದರಿಂದ ಕಾರಿನ ಮೈಗೆ ಸಲ್ಲದು, ದೇವರಾದುದರಿಂದ ಬೇಲಿಯಾಚೆಗೂ ಸಲ್ಲದು. ಬಹಳ ಹೊತ್ತು ಯೋಚಿಸಿ ಅವರು ಅದನ್ನು ಡ್ಯಾಶ್‌ಬೋರ್ಡಿನ ಮೇಲೆ, ಸ್ಪೀಡಾಮೀಟರಿನ ಮುಂದೆ ಪ್ರತಿಷ್ಠಾಪಿಸಿದರು. ಸೊನ್ನೆಯನ್ನು ಬಿಟ್ಟು ಕದಲದ ಆ ಮುಳ್ಳಿಗೆ ಅಂತೂ ಒಂದು ಕಾವಲು ದೊರೆಯಿತು.

ಪಾಲಿಷಿನ ಪ್ರಕರಣ ಇದಕ್ಕಿಂತ ಹೃದಯವಿದ್ರಾವಕ. ಈಗಿನ ಕಾರುಗಳಿಗೆ ಬಣ್ಣದ ಮೇಲೆ ಗಾಜಿನಂಥ ಪಾರದರ್ಶಕ ಲೇಪವೊಂದಿರುತ್ತದೆ, ಉಜ್ಜಿದರೆ ಅದು ಸವೆಯುತ್ತದೆಯೇ ಹೊರತು ಬಣ್ಣವಲ್ಲ. ಮೈನರಿನ ಕಾಲದಲ್ಲಿ ಅಂಥ ಕವಚವಿರಲಿಲ್ಲ. ಕೆಂಪು ಬಣ್ಣ ಬಿಸಿಲಿಗೆ ಬೇಗ ಸೋಲುವಂಥದು. ಕಾಫಿ ತೋಟದಲ್ಲಿ, ಗೋದಾಮು ಸೇರುವುದಕ್ಕೆ ಮುಂಚೆ, ಹೊರಗೆ ನಿಂತ ಕಾಲದಲ್ಲಿ ಮಾಸಿ, ಹುಡಿಗಟ್ಟಿ, ಬಾಯಾರಿದ ತುಟಿಯಂತಾಗಿದ್ದ ಅದರ ಮೇಲ್ಪದರವನ್ನು ತೆಗೆದರಲ್ಲದೆ ಒಳಗಿನ ಮರೂನು ಹೊರಬರದು. ಮಾಡಿನ ಅಂಚಿಗೆ ಪಾಲಿಷ್ ತಾಗಿ ಬಿಳಿಯ ಕಲೆಯಾಗದಿರಲೆಂದು ಸುತ್ತಲೂ ಮಾಸ್ಕಿಂಗ್ ಟೇಪು ಅಂಟಿಸಿ, ಹಳೆಯ ಬನಿಯನ್ ಬಟ್ಟೆಗೆ ಕಾಂಪೌಂಡು ಹಚ್ಚಿ ಉಜ್ಜಿದ ಮೊದಲ ದಿನ, ಬಟ್ಟೆ ರಕ್ತದಲ್ಲಿ ಅದ್ದಿದಂತೆ ಕೆಂಪಾಯಿತು. ಅದನ್ನು ಒಗೆಯುವ ಕಲ್ಲಿನ ಮೇಲೆ ಕಂಡ ಮನೆಯವರು ಚೀರಿದ ಶಬ್ದಕ್ಕೆ ನಾವೆಲ್ಲ ಓಡಿದೆವು.

ಹೊಳಪು ಬಂದದ್ದು ನಿಜ. ಬಾಗಿಲಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಾಗಿತ್ತು. ಅದನ್ನು ಮುದ್ರೆಯೊತ್ತಿ ಕಾಪಾಡಲು ಬ್ರೆಜಿಲ್ ದೇಶದ ಕಾರ್ನೂಬಾ ಎಂಬ ತಾಳೆಯ ಜಾತಿಯ ಮರದ ಎಲೆಯಿಂದ ಬರುವ ಮೇಣವನ್ನೂ ಸವರಿದರು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ಹೊಳಪೆಂಬುದು ಲಂಚದಂತೆ, ಒಮ್ಮೆ ಕಂಡ ಕೈ ಸುಮ್ಮನಿರದು. ಪ್ರತಿ ತಿಂಗಳೂ ಕಾಂಪೌಂಡು, ಪ್ರತಿ ತಿಂಗಳೂ ಬಟ್ಟೆ ಕೆಂಪು. ಮೂರನೆಯ ವರ್ಷ ಬಾನೆಟ್ಟಿನ ಅಂಚಿನಲ್ಲಿ, ಆ ನಾಲ್ಕಂಗುಲದ ಪಟ್ಟಿಯ ಏಣುಗಳಲ್ಲಿ, ಬೂದುಬಣ್ಣದ ಒಂದು ಗೆರೆ ಇಣುಕಿತು. ಅದು ಬಣ್ಣದಡಿಯ ಪ್ರೈಮರ್. ಮಳೆ, ಬಿಸಿಲು, ಕೋಳಿ, ಕೊಡಗಿನ ಮಂಜು, ಇವೆಲ್ಲ ಸೇರಿ ಅರ್ಧ ಶತಮಾನದಲ್ಲಿ ಮಾಡಲಾರದುದನ್ನು ಪ್ರೀತಿ ಮೂರು ವರ್ಷದಲ್ಲಿ ಮಾಡಿತ್ತು. ಫೀಲ್ಡ್ ಬುಕ್ಕಿನ ಆ ದಿನದ ಪುಟದಲ್ಲಿ ಒಂದೇ ಶಬ್ದವಿದೆ: "ಖರಾಬು."

ಈ ನಡುವೆ ಊರಿನ ಹುಡುಗನೊಬ್ಬ ತನ್ನ ಮದುವೆಯ ಮೆರವಣಿಗೆಗೆ ತೆರೆದ ಕಾರು ಬೇಕೆಂದು ಕೇಳಿದ. ಹೂವಿನ ಹಾರದ ದಾರ ತಾಗಕೂಡದು, ಅಕ್ಷತೆ ಎಸೆಯಕೂಡದು, ಮದುಮಗಳ ಬಳೆಗಳು ಬಾಗಿಲಿಗೆ ಮುಟ್ಟಕೂಡದು, ಮಾಡು ತೆರೆಯಕೂಡದು ಎಂಬ ಷರತ್ತುಗಳನ್ನು ಕೇಳಿ, ಅವನು ಟ್ರಾಕ್ಟರಿನಲ್ಲಿ ಹೋದ. ಆಯುಧಪೂಜೆಯ ದಿನ ಕುಂಕುಮವನ್ನು ಬಾನೆಟ್ಟಿಗಿಡದೆ ಬಾಳೆಯೆಲೆಯ ಮೇಲಿಟ್ಟು ಕಾರಿನ ಕಡೆಗೆ ತಿರುಗಿಸಿ ತೋರಿಸುವ ಪದ್ಧತಿಯನ್ನೂ ಇದೇ ಕಾಲದಲ್ಲಿ ಜಾರಿಗೆ ತಂದರು.

ಇಂಥವರ ಕೈಗೆ ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ ಮೋಟಾರು ವಾಹನ ನಿಯಮಗಳ ತಿದ್ದುಪಡಿ ಸಿಕ್ಕಬೇಕೆ! ಮೊದಲ ನೋಂದಣಿಯಿಂದ ಐವತ್ತು ವರ್ಷ ದಾಟಿ, ಮೂಲರೂಪ ಕೆಡದೆ ಉಳಿದ ವಾಹನ ವಿಂಟೇಜ್ ಎನಿಸಿಕೊಳ್ಳುತ್ತದೆ. ಹಾಗೆ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷದ ಮೇಲೆ ನವೀಕರಣಕ್ಕೆ 5,000 ರೂಪಾಯಿ. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಿ ರಸ್ತೆಗೆ ತರಕೂಡದು. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ದುರಸ್ತಿ ಮತ್ತು ಇಂಧನ ತುಂಬಿಸುವಿಕೆಗೆ ಮಾತ್ರ ತರಬಹುದು. ಅಧಿಸೂಚನೆಯ ಆ ವಾಕ್ಯವನ್ನು ಓದುವಾಗ ಮೋಜಣಿದಾರರ ಕಣ್ಣು ತುಂಬಿ ಬಂದುದನ್ನು ನಾನು ಕಂಡಿದ್ದೇನೆ. ತಾವು ಇಷ್ಟು ವರ್ಷ ಒಂಟಿಯಾಗಿ ಆಚರಿಸಿಕೊಂಡು ಬಂದ ವ್ರತವನ್ನು ಭಾರತ ಸರ್ಕಾರವೇ ಶಾಸನವನ್ನಾಗಿ ಮಾಡಿತ್ತು. "ಇನ್ನು ಯಾರೂ ನನ್ನನ್ನು ಕೇಳಕೂಡದು" ಎಂದು ಆ ಹಾಳೆಯನ್ನು ಕೊಟ್ಟಿಗೆಯ ಗೋಡೆಗೆ ಅಂಟಿಸಿದರು.

ಮನೆಯವರಿಗೆ ಒಂದು ಆಸೆಯಿತ್ತು. ಕಾರು ಬಂದ ದಿನವೇ, "ಮಾಡು ತೆಗೆದು ಅಣೆಕಟ್ಟೆತನಕ ಒಂದು ಸಲ ಹೋಗಿ ಬರೋಣ ಕಣ್ರೀ" ಎಂದು ಕೇಳಿದ್ದರು. ಲಕ್ಷ್ಮಣತೀರ್ಥಕ್ಕೆ ಕಟ್ಟಿದ ಆ ಹಳೆಯ ಕಟ್ಟೆಯ ಮೇಲೆ ಮಳೆಗಾಲದಲ್ಲಿ ನೀರು ಹಾಸಿಗೆಯಂತೆ ಹಾಯುವುದು ನೋಡತಕ್ಕದ್ದೇ. ಪ್ರತಿ ವರ್ಷವೂ ಏನಾದರೊಂದು ಅಡ್ಡಿ ಬರುತ್ತಿತ್ತು, ಈಗ ಶಾಸನವೇ ಅಡ್ಡಬಂತು. ಅವರು ಕನ್ನಡಕ ಧರಿಸಿ ಗೋಡೆಯ ಹಾಳೆಯನ್ನು ನಿಧಾನವಾಗಿ ಓದಿದರು. ಕಂದಾಯದ ಕಾಗದಗಳನ್ನು ಗಂಡ ಓದುವುದನ್ನು ನಲವತ್ತು ವರ್ಷ ನೋಡಿದ ಹೆಂಗಸು ಅವರು.

"ಇಂಧನ ತುಂಬಿಸೋದಕ್ಕೆ ಹೋಗಬಹುದಂತಲ್ಲ?"

"ಹೌದು, ಅದಕ್ಕೆ ಅಡ್ಡಿಯಿಲ್ಲ."

"ಹಾಗಾದ್ರೆ ಬಂಕಿಗೆ ಹೋಗೋಣ. ಯಾವ ದಾರೀಲಿ ಹೋಗಬೇಕು ಅಂತ ಸರ್ಕಾರ ಬರೆದಿಲ್ಲ."

ಮೋಜಣಿದಾರರು ಹಾಳೆಯನ್ನು ಮೂರು ಸಲ ಓದಿದರು. ದಾರಿಯ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ಇಂಥ ಲೋಪವನ್ನು ಬಿಟ್ಟ ಕರಡುಗಾರನ ಮೇಲೆ ಅವರಿಗೆ ಬಂದ ಸಿಟ್ಟು ವರ್ಣನಾತೀತ.

ಆದಿತ್ಯವಾರ ಬೆಳಿಗ್ಗೆ ಹನಗೋಡಿನವರು ಕಮಾನು ಕಾರು ಕಮಾನಿಲ್ಲದೆ ಹೊರಟುದನ್ನು ಕಂಡರು. ಮಾಡನ್ನು ಮಡಿಸುವಾಗ ಒಳಗಿನಿಂದ ಒಂದು ಅಳಿಲು ಸಕುಟುಂಬವಾಗಿ ಇಳಿದು ಹೋಯಿತು. ಗಂಟೆಗೆ ಹದಿನೈದು ಮೈಲಿಯ ವೇಗದಲ್ಲಿ, ಮುಂದೆ ಟ್ರಾಕ್ಟರು ಕಂಡರೆ ಧೂಳು ಅಡಗುವವರೆಗೂ ನಿಂತು, ಹೊಂಗೆಯ ಮರ ಕಂಡರೆ ಹಕ್ಕಿಯುಂಟೋ ಎಂದು ಮೇಲೆ ನೋಡಿ, ಅವರು ಪೆಟ್ರೋಲ್ ಬಂಕಿಗೆ ಹೋಗುವ ದಾರಿಯಲ್ಲಿ ಅಣೆಕಟ್ಟೆಯನ್ನು ಮುಟ್ಟಿದರು. ಮನೆಯವರು ಮುತ್ತುಗದ ಎಲೆಯಲ್ಲಿ ಕಟ್ಟಿ ತಂದ ಪುಳಿಯೋಗರೆಯನ್ನು ಕಾರಿನ ಹೊರಗೆ, ಹತ್ತು ಮಾರು ದೂರದಲ್ಲಿ ಕೂತು ತಿನ್ನತಕ್ಕದ್ದೆಂದು ತೀರ್ಮಾನವಾಯಿತು. ನೀರು ಹಾಯುತ್ತಿತ್ತು. ಮೋಜಣಿದಾರರೂ ಅದನ್ನು ನೋಡಿದರೆಂದೂ, ಒಮ್ಮೆ ಅದರ ಅಗಲವನ್ನು ಬಾಯಲ್ಲಿಯೇ ಅಳೆದರೆಂದೂ ಮನೆಯವರು ನನ್ನ ಹೆಂಡತಿಗೆ ಹೇಳಿದ್ದಾರೆ.

ಹಿಂದಿರುಗಿ ಬಂದಾಗ ನಾನು ಕೊಟ್ಟಿಗೆಯ ಬಾಗಿಲಲ್ಲಿಯೇ ಇದ್ದೆ. ಅವರು ಇಳಿದವರೇ ಬಕೆಟ್ಟಿಗೆ ಕೈ ಹಾಕಿ, ಏನನ್ನೋ ಕಂಡು ಹಾಗೆಯೇ ನಿಂತರು. ವರ್ಷಾನುಗಟ್ಟಲೆ ನೆರಳಿನಲ್ಲಿದ್ದ ನೀಲಿಯ ಗಣಪತಿ ತೆರೆದ ಕಾರಿನ ಬಿಸಿಲಿಗೆ ಮೆತ್ತಗಾಗಿ, ಎಡಕ್ಕಿದ್ದ ಅವನ ಸೊಂಡಿಲು ದಾರಿಯ ಕುಲುಕಾಟದಲ್ಲಿ ನಿಧಾನವಾಗಿ ಬಲಕ್ಕೆ ವಾಲಿ ನಿಂತಿತ್ತು.

"ಬಲಮುರಿ ಆಗ್ಬಿಟ್ಟಿದಾನೆ" ಎಂದರು ಮನೆಯವರು, ಕೈ ಮುಗಿದು. "ಬಲಮುರಿಗೆ ನೇಮ ಜಾಸ್ತಿ ಕಣ್ರೀ. ತಿಂಗಳಿಗೊಂದು ಸಲವಾದ್ರೂ ಉತ್ಸವ ಹೊರಡಿಸಲೇಬೇಕು."

ಮೋಜಣಿದಾರರು ಬಕೆಟ್ಟನ್ನು ಕೆಳಗಿಟ್ಟು, ಜೇಬಿನಿಂದ ಫೀಲ್ಡ್ ಬುಕ್ಕನ್ನೂ ಪೆನ್ಸಿಲನ್ನೂ ತೆಗೆದು, ಸ್ವಲ್ಪ ಹೊತ್ತು ತಡೆದು, "ಬಂಕು ಎಷ್ಟು ಗಂಟೆಗೆ ತೆಗೀತಾರೆ?" ಎಂದು ನನ್ನನ್ನು ಕೇಳಿದರು.